ಕೈ ಸೋಲುತ್ತಿದೆ ಅಂದಾಗ ಕಿವಿಗೊಟ್ಟ ನರರೋಗ ಕ್ಲಿನಿಕ್

ಅಣ್ಣನಿಗೆ ಒಂದೇ ಕೈಯಲ್ಲಿ ಹಿಡಿತ ಕಡಿಮೆಯಾಗಿತ್ತು. ನೋವಿಲ್ಲ, ಜೋಮಿಲ್ಲ ಅಂತ ಮೊದಲು ತೋರಿಸಿದ ಕಡೆ ಸುಮ್ನೆ ಸುಸ್ತು ಅಂದು ಕಳಿಸಿದ್ದರು. ಇಲ್ಲಿನ ವೈದ್ಯರು ಅದನ್ನೇ ಗಂಭೀರವಾಗಿ ತೆಗೆದುಕೊಂಡರು. ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುತ್ತಾ ಹೋಗುವ ಎಎಲ್‌ಎಸ್‌ನಂಥ ಕಾಯಿಲೆ ಹೆಚ್ಚಾಗಿ ಹೀಗೇ ಒಂದು ಕಡೆ ನೋವಿಲ್ಲದೆ ಬಲ ಕುಗ್ಗುತ್ತಾ ಶುರುವಾಗುತ್ತದೆ, ಕೆಲವರಿಗೆ ಪಾದ ಎತ್ತಲಾಗದೆ ಎಡವುವುದು, ಇನ್ನು ಕೆಲವರಿಗೆ ಮಾತು ತೊದಲುವುದು ಮೊದಲ ಸುಳಿವು ಅಂತ ಬಿಡಿಸಿ ಹೇಳಿದರು. ನಾಲಿಗೆ, ತೋಳು, ತೊಡೆಯಲ್ಲಿ ಸ್ನಾಯು ಅದುರುತ್ತಿದೆಯಾ ಅಂತ ತಾಳ್ಮೆಯಿಂದ ನೋಡಿದರು. ಬಲ ಕುಗ್ಗದೆ ಬರೀ ಅದುರಿದರೆ ಸಾಮಾನ್ಯವಾಗಿ ಭಯವಿಲ್ಲವಂತೆ, ಇದು ಎಲ್ಲರಿಗೂ ಗೊತ್ತಿರಬೇಕು ಅಲ್ವಾ! ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆಯ ಸೂಜಿ ಸ್ವಲ್ಪ ನೋಯುತ್ತದೆ, ಅದನ್ನು ಮೊದಲೇ ತಿಳಿಸುತ್ತಾರೆ. ಕತ್ತಿನಲ್ಲಿ ನರ ಒತ್ತಿದರೂ ಕೈ ಸೋಲಬಹುದು ಅಂತ ಎಂಆರ್‌ಐ ಕೂಡ ಮಾಡಿಸಿದರು. ಕಾಯುವುದು ಜಾಸ್ತಿ, ಅದೊಂದೇ ಬೇಸರ. ಮುಂದಿನ ತಪಾಸಣೆಗೂ ಇಲ್ಲಿಗೇ ಹೋಗುತ್ತೇವೆ.