ನಾಲಿಗೆ ಕೆಳಗಿನ ಮಾತ್ರೆ ಬಿಡಿಸೋಕೆ ಅವಸರ ಮಾಡಬೇಡಿ

ತಮ್ಮನನ್ನ ಕೇಳಿಯೇ ಇದನ್ನ ಬರೀತಿದ್ದೀನಿ. ಅವನ ಹೆಸರು ಹಾಕಲ್ಲ, ಅವನನ್ನ ಸೇರಿಸಿದ್ದ ಕೇಂದ್ರದ ಹೆಸರೂ ಹಾಕಲ್ಲ. ನಿಮ್ಮನೇಲೂ ಯಾರಾದರೂ, ಅಫೀಮು ಜಾತಿಯ ಮದ್ದಿನ ಚಟಕ್ಕೆ ಚಿಕಿತ್ಸೆಯಾಗಿ ಕೊಡೋ ಬುಪ್ರೆನಾರ್ಫಿನ್ ಮಾತ್ರೆ ತಗೋತಿದ್ದು, "ಇನ್ನೆಷ್ಟು ದಿನ ಇದು" ಅಂತ ನೀವು ಒಳಗೊಳಗೇ ಲೆಕ್ಕ ಹಾಕ್ತಿದ್ದರೆ ದಯವಿಟ್ಟು ಪೂರ್ತಿ ಓದಿ.

ಬೈಕಿನಿಂದ ಬಿದ್ದು ಕಾಲು ಮುರಿದಾಗ ನೋವಿಗೆ ಅಂತ ಕೊಟ್ಟ, ಅದೇ ಜಾತಿಯ ಟಪೆಂಟಡಾಲ್ ಮಾತ್ರೆಯಿಂದ ಶುರುವಾಗಿದ್ದು. ಮೂಳೆ ಕೂಡಿಕೊಂಡರೂ ಮಾತ್ರೆ ನಿಲ್ಲಲಿಲ್ಲ. ಚೀಟಿ ಕೇಳದೆ ಕೊಡೋ ಅಂಗಡಿ ಸಿಕ್ತು, ಆಮೇಲೆ ಸೂಜಿ. ಎರಡು ವರ್ಷ ಮನೆ ಮನೆಯಾಗಿರಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಬುಪ್ರೆನಾರ್ಫಿನ್-ನಲಾಕ್ಸೋನ್ ಶುರು ಮಾಡಿದರು. ದಿನಕ್ಕೆ 8 ಮಿಲಿಗ್ರಾಂ. ನಾಲಿಗೆ ಕೆಳಗಿಟ್ಟುಕೊಂಡು ಪೂರ್ತಿ ಕರಗೋವರೆಗೂ ನುಂಗೋ ಹಾಗಿಲ್ಲ, ನೀರು ಕುಡಿಯೋ ಹಾಗಿಲ್ಲ. ಬೆಳಿಗ್ಗೆ ಅವನು ಬಾಯಿ ಮುಚ್ಚಿಕೊಂಡು ಕಿಟಕಿ ಹತ್ರ ಕೂತಿರೋನು, ಅಮ್ಮ ಅಷ್ಟರಲ್ಲಿ ತಿಂಡಿ ಮಾಡಿ ಮುಗಿಸೋಳು. ಮತ್ತೆ ಕೆಲಸಕ್ಕೆ ಹೋದ. ಮೊದಲ ಸಂಬಳ ಅಮ್ಮನ ಕೈಗೆ ಕೊಟ್ಟ.

ಏಳು ತಿಂಗಳು ಹೀಗೇ ನಡೀತು. ಆಗ ನನ್ನ ಮದುವೆ ಮಾತುಕತೆ ಬಂತು. "ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸಿದ್ದಾರೆ ಅಷ್ಟೇ, ಗಂಡಿನ ಕಡೆಯವರಿಗೆ ಗೊತ್ತಾದರೆ?" ಅಂದರು ಚಿಕ್ಕಪ್ಪ. ಅವರೊಬ್ಬರೇ ಅಂದಿದ್ದಲ್ಲ. ನಾನೂ ಹೂಂ ಅಂದೆ. ಡಾಕ್ಟರು ಮೊದಲೇ ಹೇಳಿದ್ದರು, ಎಷ್ಟೋ ಜನಕ್ಕೆ ವರ್ಷಗಟ್ಟಲೆ ಬೇಕಾಗುತ್ತೆ, ಶುಗರ್‌ಗೆ ತಗೊಂಡ ಹಾಗೆ ತಗೊಳ್ಳಲಿ, ಅವಸರ ಬೇಡ ಅಂತ. ಅವರಿಗೆ ಒಂದು ಫೋನೂ ಮಾಡದೆ, ಹತ್ತು ದಿನದಲ್ಲಿ ಮಾತ್ರೆ ಪೂರ್ತಿ ಬಿಡಿಸ್ತೀವಿ ಅಂದ ಖಾಸಗಿ ಕೇಂದ್ರಕ್ಕೆ ದುಡ್ಡು ಕಟ್ಟಿ ಸೇರಿಸಿದೆವು.

ಎಂಟರಿಂದ ಆರು, ನಾಲ್ಕು, ಎರಡು, ಆಮೇಲೆ ಸೊನ್ನೆ. ಮನೆಗೆ ಬಂದಾಗ ಚೆನ್ನಾಗೇ ಇದ್ದ. ನಾವು ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದ್ವಿ.

ನಮಗೆ ಗೊತ್ತಿಲ್ಲದೆ ಹೋಗಿದ್ದು ಇದು. ಈ ಔಷಧಿ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತೆ. ಹಾಗಾಗಿ ನಿಲ್ಲಿಸಿದ ಮೊದಲೆರಡು ದಿನ ಏನೂ ಆಗದ ಹಾಗೆ ಕಾಣಬಹುದು, ನಿಜವಾದ ಸಂಕಟ ಆಮೇಲೆ ಬಂದು ವಾರಗಟ್ಟಲೆ ಉಳಿಯುತ್ತೆ. ಇನ್ನೊಂದು, ಎಂಟರಿಂದ ಆರಕ್ಕೆ ಇಳಿಯೋದೂ ಎರಡರಿಂದ ಸೊನ್ನೆಗೆ ಇಳಿಯೋದೂ ಒಂದೇ ಅಲ್ಲ. 2 ಮಿಲಿಗ್ರಾಂ ಕೂಡ ಮೆದುಳಿನಲ್ಲಿ ಸಾಕಷ್ಟು ಜಾಗ ಹಿಡಿದಿರುತ್ತೆ. ಮೇಲಿನ ಮೆಟ್ಟಿಲು ಸುಲಭವಾಗಿ ಇಳಿದು, ಕೊನೆಯ ಮೆಟ್ಟಿಲಲ್ಲಿ ಪ್ರಪಾತಕ್ಕೆ ಬಿದ್ದ ಹಾಗೆ. ಅದಕ್ಕೇ ತಿಳಿದವರು ಕೊನೆಕೊನೆಗೆ ಒಂದು, ಅರ್ಧ ಅಂತ ತಿಂಗಳುಗಟ್ಟಲೆ ಎಳೆದು ಇಳಿಸ್ತಾರೆ.

ನಾಲ್ಕನೇ ದಿನ ಆಕಳಿಕೆ ಶುರುವಾಯ್ತು. ಒಂದರ ಹಿಂದೆ ಒಂದು, ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬೇಸಿಗೆಯಲ್ಲೂ ಮೈಯೆಲ್ಲ ರೋಮಾಂಚನ, ಭೇದಿ. ರಾತ್ರಿ ಮೂರು ಗಂಟೆಗೆ ಕಾಲು ತಾನಾಗೇ ಹೊದಿಕೆ ಒದೀತಿತ್ತು. ಅಪ್ಪ ಮಂಚದ ತುದೀಲಿ ಕೂತು ಎರಡೂ ಪಾದ ತೊಡೆ ಮೇಲಿಟ್ಟುಕೊಂಡು ಒತ್ತೋರು. "ಅಪ್ಪಾ, ಕಾಲು ಕತ್ತರಿಸಿ ಹಾಕು" ಅಂದ ಒಂದು ರಾತ್ರಿ. ಕೇಂದ್ರಕ್ಕೆ ಫೋನ್ ಮಾಡಿದರೆ, "ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಹೇಳಿ" ಅಂದರು. ಮನಸ್ಸು ಗಟ್ಟಿ ಮಾಡಿಕೊಂಡರೆ ನಿಲ್ಲೋ ಭೇದಿ ಯಾವುದು?

ಹತ್ತೊಂಬತ್ತನೇ ದಿನ ಸಂಜೆ ಹೊರಗೆ ಹೋಗಿ ಬಂದ. ಬಂದವನೇ ಮಲಗಿದ. ಜೋರು ಗೊರಕೆ. ಅಮ್ಮ ಬಾಗಿಲು ಮೆಲ್ಲಗೆ ಎಳೆದು, "ಪಾಪ, ಇವತ್ತಾದರೂ ನಿದ್ದೆ ಬಂತು" ಅಂದಳು. ಅರ್ಧ ಗಂಟೆ ಬಿಟ್ಟು ನಾನು ಚಾರ್ಜರ್ ತರೋಕೆ ಹೋದಾಗ ತುಟಿ ನೀಲಿ. ಅದು ಗೊರಕೆಯಲ್ಲ, ಉಸಿರು ಸಿಕ್ಕಿಹಾಕಿಕೊಂಡು ಗೊರಗೊರ ಅಂತಿದ್ದಿದ್ದು. 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೇಲಿ, ಇಂಥ ಮದ್ದಿನ ಪರಿಣಾಮ ಇಳಿಸೋ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟು ರಾತ್ರಿಯಿಡೀ ಐಸಿಯುನಲ್ಲಿಟ್ಟರು. ಅವನು ಮತ್ತೆ ಹಳೇ ಮದ್ದು ತಗೊಂಡಿದ್ದ, ಅದೂ ಹಿಂದೆ ತಗೋತಿದ್ದಷ್ಟೇ. ಆದರೆ ಮಾತ್ರೆ ನಿಂತ ಮೇಲೆ ಅದನ್ನ ತಡೆಯೋ ಶಕ್ತಿ ದೇಹಕ್ಕೆ ಉಳಿದಿರಲ್ಲ. ಮಾತ್ರೆ ಬಿಟ್ಟ ಮೊದಲ ವಾರಗಳಲ್ಲೇ ಜೀವಕ್ಕೆ ಹೆಚ್ಚು ಅಪಾಯ. ಮಾತ್ರೆ ಬಿಡಿಸಿದವರು ಇದನ್ನ ನಮಗೆ ಹೇಳಲೇ ಇಲ್ಲ.

ಇಂಥ ಕೇಂದ್ರಕ್ಕೆ ದುಡ್ಡು ಕಟ್ಟೋ ಮೊದಲು, ಮನೋವೈದ್ಯರು ದಿನಾ ಬರ್ತಾರಾ, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ, ಆಮೇಲೆ ತೊಂದರೆ ಆದರೆ ಮಾತ್ರೆ ವಾಪಸ್ ಶುರು ಮಾಡ್ತಾರಾ ಅಂತ ಕೇಳಿ. ಮೂರನೇ ಪ್ರಶ್ನೆಗೆ "ಇಲ್ಲ" ಅಂದರೆ ಎದ್ದು ಬನ್ನಿ. ಮಾತ್ರೆ ಕೊಡ್ತಿರೋ ಡಾಕ್ಟರನ್ನ ಕೇಳದೆ ನೀವಾಗೇ ಕಡಿಮೆ ಮಾಡಬೇಡಿ. ಯಾರನ್ನ ಕೇಳಬೇಕು ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡಕ್ಕೂ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ.

ತಮ್ಮ ಹಳೆ ಡಾಕ್ಟರ ಹತ್ರವೇ ವಾಪಸ್ ಹೋದ. ಅವರು ಬೈಯಲಿಲ್ಲ. ಮತ್ತೆ 8 ಮಿಲಿಗ್ರಾಂ, ಎರಡು ವರ್ಷ. ಆಮೇಲೆ, ಅವನೇ ಕೇಳಿದ ಮೇಲೆ, ಇಳಿಸೋಕೆ ಶುರು ಮಾಡಿದ್ದಾರೆ. ಮಾತ್ರೆ ಸ್ಟ್ರಿಪ್ ಈಗ ಅಪ್ಪನ ಬಿಪಿ ಮಾತ್ರೆ ಡಬ್ಬಿ ಪಕ್ಕದಲ್ಲೇ ಇರುತ್ತೆ, ಬಚ್ಚಿಡಲ್ಲ. ನನ್ನ ಗಂಡನಿಗೂ ಗೊತ್ತು. ನಾಲ್ಕು ತಿಂಗಳಿಂದ ತಮ್ಮ ಆರು ಮಿಲಿಗ್ರಾಂನಲ್ಲೇ ನಿಂತಿದ್ದಾನೆ. ಮುಂದಿನದು ಯಾವಾಗ ಅಂತ ನಾವು ಯಾರೂ ಕೇಳ್ತಿಲ್ಲ.