ಅಕೂಸ್ಟಿಕ್ ಗಿಟಾರಿಗೆ ಕಡಿಮೆ ಬೆಲೆಯ ಆಂಪ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನದು 30 ವ್ಯಾಟ್‌ನ ಚಿಕ್ಕ ಆಂಪ್, ಅಂದರೆ ಗಿಟಾರಿನ ಸದ್ದನ್ನು ಜೋರು ಮಾಡುವ ಪೆಟ್ಟಿಗೆ. 8 ಇಂಚಿನ ಸ್ಪೀಕರ್, ಜೊತೆಗೊಂದು ಟ್ವೀಟರ್ (ತಾರ ಸ್ವರಗಳಿಗೆಂದೇ ಇರುವ ಸಣ್ಣ ಸ್ಪೀಕರ್). ಗಿಟಾರಿಗೆ ಒಂದು ಚಾನೆಲ್, ಮೈಕಿಗೆ ಒಂದು. ಕಂಪನಿಯ ಹೆಸರು ಬೇಕಂತಲೇ ಬರೆದಿಲ್ಲ. ಈ ಬೆಲೆಯ ಆಂಪ್‌ಗಳೆಲ್ಲ ಹೆಚ್ಚೂಕಡಿಮೆ ಒಂದೇ ಜಾತಿ. ಇದನ್ನು ಕೊಂಡದ್ದು ಕೋರಸ್ ನಾಬ್ (ಒಂದೇ ಗಿಟಾರನ್ನು ಹಲವು ಗಿಟಾರುಗಳಂತೆ ಕೇಳಿಸುವ ತಿರುಗಣೆ) ನೋಡಿ, ಆ ಮಾತು ಆಮೇಲೆ.

ಇದಕ್ಕೂ ಮುಂಚೆ ಗೆಳೆಯನ ಎಲೆಕ್ಟ್ರಿಕ್ ಗಿಟಾರ್ ಆಂಪಿಗೆ ಕೇಬಲ್ ಚುಚ್ಚಿ ನುಡಿಸುತ್ತಿದ್ದೆ. ಸದ್ದೇನೋ ಬರುತ್ತಿತ್ತು, ಆದರೆ ಕಂಬಳಿ ಹೊದಿಸಿದ ಹಾಗೆ. ಎಲೆಕ್ಟ್ರಿಕ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ಕೈ ಚೆಲ್ಲುತ್ತದೆ. ಡಿಸ್ಟಾರ್ಷನ್ ಹಾಕಿ, ಅಂದರೆ ಸದ್ದನ್ನು ಬೇಕಂತಲೇ ಒರಟು ಮಾಡಿ ನುಡಿಸುವವರಿಗೆ ಅದೇ ಚೆಂದ. ಹೊಸ ತಂತಿಯ ಹೊಳಪು, ತಂತಿಗೆ ಉಗುರು ತಾಗುವ ಸಣ್ಣ ಸದ್ದು, ಇವೆಲ್ಲ ಬಹುಪಾಲು ಅದರಿಂದ ಮೇಲಿರುತ್ತವೆ. ಹಾಗಾಗಿ ಟ್ವೀಟರ್ ಇದೆಯಾ ಅಂತ ಮೊದಲು ನೋಡಿ. ಫೆಂಡರ್ ಅಕೂಸ್ಟಸಾನಿಕ್ 15ರಂಥ ಪುಟಾಣಿಗಳಲ್ಲಿ ಬೇರೆ ಟ್ವೀಟರ್ ಇಲ್ಲ. 6 ಇಂಚಿನ ಸ್ಪೀಕರಿನ ನಡುವೆಯೇ ಇನ್ನೊಂದು ಸಣ್ಣ ಕೋನ್ ಕೂರಿಸಿರುತ್ತಾರೆ. ಮನೆಯಲ್ಲಿ ನುಡಿಸಲು ಅದೂ ಸಾಕು.

ಕೊಳ್ಳುವಾಗ ವ್ಯಾಟ್ ಲೆಕ್ಕದಲ್ಲಿ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. 30 ಸಾಲುತ್ತಾ, 60 ಬೇಕಾ? ವ್ಯಾಟ್ ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ನಾಲ್ಕು ವರ್ಷದಲ್ಲಿ ನಾನು ವಾಲ್ಯೂಮ್ ಅರ್ಧ ದಾಟಿಸಿದ್ದು ಅಪರೂಪ. ಡ್ರಮ್ಸ್ ಜೊತೆ ನುಡಿಸಿದ ಒಂದು ದಿನ ಮಾತ್ರ, ಪಾಪ, ಇದು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಫೀಡ್‌ಬ್ಯಾಕ್, ಅಂದರೆ ಆಂಪಿನ ಸದ್ದು ಗಿಟಾರಿಗೇ ಮರಳಿ ಹುಟ್ಟುವ ಗುಂಯ್ ಸದ್ದು. ಮೊದಲ ವರ್ಷ, ಮೂವತ್ತು ಜನರ ಒಂದು ಚಿಕ್ಕ ಕೂಟ. ಜಾಗ ಸಾಲದೆ ಆಂಪನ್ನು ಬೆನ್ನ ಹಿಂದೆಯೇ ಇಟ್ಟಿದ್ದೆ. ಐದನೇ ತಂತಿಯನ್ನು ಒತ್ತದೆ ಮೀಟಿದ್ದೇ ತಡ, ಗುಂಯ್ ಅಂತ ಶುರುವಾಯಿತು. ಕೈ ತೆಗೆದರೂ ನಿಲ್ಲಲಿಲ್ಲ. ಗಿಟಾರಿನ ನಡುಕ ನನ್ನ ಹೊಟ್ಟೆಗೇ ತಾಗುತ್ತಿತ್ತು. ತಂತಿಗಳನ್ನೆಲ್ಲ ಅಂಗೈಯಲ್ಲಿ ಅದುಮಿ ಹಿಡಿದು ಜನರ ಕಡೆ ನೋಡಿ ನಕ್ಕೆ, ಇನ್ನೇನು ಮಾಡಲಿ!

ಐದನೇ ತಂತಿಯ ಸ್ವರ 110 ಹರ್ಟ್ಜ್. ಡ್ರೆಡ್‌ನಾಟ್ ಅನ್ನುವ ದೊಡ್ಡ ಹೊಟ್ಟೆಯ ಗಿಟಾರಿನ ಒಳಗಿನ ಗಾಳಿಗೆ ಇಷ್ಟವಾದ ಸ್ವರವೂ 100 ಹರ್ಟ್ಜ್ ಆಸುಪಾಸಿನಲ್ಲೇ ಇರುತ್ತದೆ. ಆಂಪಿನ ಸದ್ದು ಗಿಟಾರನ್ನು ಅಲುಗಿಸುತ್ತದೆ, ಗಿಟಾರಿನ ಸದ್ದು ಹಿಡಿಯುವ ಪಿಕಪ್ ಅದನ್ನು ಹಿಡಿದು ಮತ್ತೆ ಆಂಪಿಗೇ ಕೊಡುತ್ತದೆ, ಅದು ಮತ್ತೆ ಅಲುಗಿಸುತ್ತದೆ. ಈ ಸುತ್ತನ್ನು ಮುರಿಯಲು ಫೇಸ್ (phase) ಅಂತ ಒಂದು ಪುಟ್ಟ ಬಟನ್ ಇರುತ್ತದೆ. ನನ್ನ ಆಂಪಿನಲ್ಲೂ ಇತ್ತು, ಒಂದು ದಿನವೂ ಮುಟ್ಟಿರಲಿಲ್ಲ. ಸಿಗ್ನಲನ್ನು ತಲೆಕೆಳಗು ಮಾಡುವುದಷ್ಟೇ ಅದರ ಕೆಲಸ: ಸ್ಪೀಕರ್ ದೂಡುತ್ತಿದ್ದ ಕಡೆ ಎಳೆಯುತ್ತದೆ. ಆ ದಿನ ಒತ್ತಿದೆ, ಗುಂಯ್ ಅಲ್ಲೇ ಕಟ್. ನಿಂತ ಜಾಗ ಬದಲಾದರೆ ಮತ್ತೆ ಒತ್ತಿ ನೋಡಬೇಕು, ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಈಗ ಆಂಪನ್ನು ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ, ಕುರ್ಚಿಯ ಮೇಲೆ ಇಡುತ್ತೇನೆ. ನೆಲದ ಮೇಲಿಟ್ಟರೆ ಬೇಸ್ ಜಾಸ್ತಿ ಊದಿಕೊಳ್ಳುತ್ತದೆ. ಇದೇ ಗುಂಯ್ ತಡೆಯಲು ಗಿಟಾರಿನ ತೂತಿಗೊಂದು ರಬ್ಬರ್ ಮುಚ್ಚಳವೂ ಬ್ಯಾಗಿನಲ್ಲಿ ಇರುತ್ತದೆ.

ಎರಡನೇ ವರ್ಷ ಸದ್ದು ಕರಕರ ಅನ್ನತೊಡಗಿತು. ಆಂಪ್ ಕೆಟ್ಟಿತು ಅಂತ ವಾರವಿಡೀ ಬೈದುಕೊಂಡೆ. ಕೆಟ್ಟಿದ್ದು ಗಿಟಾರಿನೊಳಗಿನ 9 ವೋಲ್ಟ್ ಬ್ಯಾಟರಿ. ಜ್ಯಾಕ್ ಚುಚ್ಚಿದ್ದರೆ ಒಳಗಿನ ಪ್ರೀಆಂಪ್ (ಪಿಕಪ್‌ನ ಸಿಗ್ನಲನ್ನು ಬಲಪಡಿಸುವ ಸರ್ಕ್ಯೂಟ್) ಆನ್ ಆಗಿಯೇ ಇರುತ್ತದೆ, ನಾನು ರಾತ್ರಿಯೆಲ್ಲ ಹಾಗೇ ಬಿಡುತ್ತಿದ್ದೆ. ಮೂರನೇ ವರ್ಷ ವಾಲ್ಯೂಮ್ ನಾಬ್ ನಿಜಕ್ಕೂ ಕರಕರ ಅಂದಿತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಹಿಂದೆಮುಂದೆ ತಿರುಗಿಸಿದ ಮೇಲೆ ಸರಿಹೋಯಿತು.

ನನ್ನ ಗಿಟಾರಿನಲ್ಲಿರುವಂಥ, ನಡುಕವನ್ನು ಸಿಗ್ನಲ್ ಮಾಡುವ ಪಿಯೆಜೋ ಪಿಕಪ್‌ಗೆ ತನ್ನದೇ ಒಂದು ಪ್ಲಾಸ್ಟಿಕ್ ಸದ್ದಿದೆ, ಜೋರಾಗಿ ಬಾರಿಸಿದಾಗ ಗೊತ್ತಾಗುತ್ತದೆ. ದುಬಾರಿ ಆಂಪ್ ತಂದರೂ ಅದು ಪೂರ್ತಿ ಹೋಗುವುದಿಲ್ಲ. ಮಿಡ್ (ನಡುವಿನ ಸ್ವರಗಳ ನಾಬ್) ಸ್ವಲ್ಪ ಇಳಿಸಿ, ಟ್ರೆಬಲ್ ಅರ್ಧಕ್ಕಿಂತ ಕೆಳಗಿಟ್ಟರೆ ಕಿವಿಗೆ ಹಿತ.

ಮೈಕ್ ಚಾನೆಲ್‌ನಲ್ಲಿ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕಿಗೆ ಕರೆಂಟ್ ಕೊಡುವ ವ್ಯವಸ್ಥೆ, ಇಲ್ಲ. ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕಿಗೆ ಅದು ಬೇಕಾಗಿಯೂ ಇಲ್ಲ, ಕಂಡೆನ್ಸರ್ ಮೈಕ್ ಇರುವವರು ಮಾತ್ರ ನೋಡಿಕೊಳ್ಳಿ. ಹಿಂದೆ ಒಂದು ಎಕ್ಸ್‌ಎಲ್‌ಆರ್ ಲೈನ್ ಔಟ್ ಇದೆ, ಸಿಗ್ನಲನ್ನು ಹೊರಗೆ ಕಳಿಸುವ ಮೂರು ಪಿನ್ನಿನ ಸಾಕೆಟ್. ದೊಡ್ಡ ಹಾಲ್ ಆದರೆ ಅಲ್ಲಿಂದ ಮಿಕ್ಸರಿಗೆ ಕೊಡುತ್ತೇನೆ, ಆಂಪ್ ನನ್ನ ಕಿವಿಗಷ್ಟೇ. 30 ವ್ಯಾಟ್ ಸಾಲಲಿಲ್ಲ ಅನ್ನುವ ಚಿಂತೆ ಅಲ್ಲಿಗೆ ಮುಗಿಯಿತು ಅಲ್ವಾ? ಈಗ ಕೊಳ್ಳುವುದಾದರೆ ಟ್ವೀಟರ್, ಫೇಸ್ ಬಟನ್, ಲೈನ್ ಔಟ್ ಮೂರೂ ಇರುವ ಫಿಶ್‌ಮನ್ ಲೌಡ್‌ಬಾಕ್ಸ್ ಮಿನಿಯಂಥದ್ದರ ಕಡೆ ನೋಡುತ್ತೇನೆ. ಬಯಲಲ್ಲಿ ನುಡಿಸುವವರಿಗೆ ಎಂಟು ಎಎ ಸೆಲ್ ಮೇಲೆ ನಡೆಯುವ ರೋಲ್ಯಾಂಡ್ ಎಸಿ-33 ಇದೆ.

ಅಂದಹಾಗೆ ಆ ಕೋರಸ್ ನಾಬಿನ ಟೋಪಿ ಯಾವಾಗಲೋ ಬಿದ್ದುಹೋಗಿದೆ. ಎಲ್ಲಿ ಅಂತ ಹುಡುಕಲೂ ಇಲ್ಲ.