ವಿ8 ಬೇಡ ಅಂದ ನಾನಾ ಪೇಠೆಯ ಮಿಸ್ತ್ರಿ

ನಮ್ಮ ಮಾವನವರು ಬಿಟ್ಟುಹೋದ 1966ರ ಎಂಜಿಬಿ ರೋಡ್‌ಸ್ಟರಿನ, ಅಂದರೆ ಇಂಗ್ಲೆಂಡಿನ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರಿನ, ಬಾನೆಟ್ ಎತ್ತಿದರೆ ಕಾಣುತ್ತಿದ್ದದ್ದು ಅಂಬಾಸಡರ್ ಎಂಜಿನ್. ಮೂಲ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿರುಕು ಬಿಟ್ಟಾಗ ಇಂಗ್ಲೆಂಡಿನಿಂದ ಸಾಮಾನು ತರಿಸುವುದು ಅವರ ಕೈಲಾಗಿರಲಿಲ್ಲ. ಅಂಬಾಸಡರಿನದೂ ಅದೇ ಬ್ರಿಟಿಷ್ ಕಂಪನಿ ಬಿಎಂಸಿಯ ಬಿ-ಸೀರೀಸ್ ಎಂಜಿನ್ ವಂಶವಾದ್ದರಿಂದ ಹೆಚ್ಚು ರಗಳೆಯಿಲ್ಲದೆ ಕೂತುಬಿಟ್ಟಿತ್ತು. 1489 ಸಿಸಿ, ಸುಮಾರು 50 ಅಶ್ವಶಕ್ತಿ. ಪುಣೆಯ ಕೋಥ್ರೂಡಿನಿಂದ ಖಡಕ್‌ವಾಸ್ಲಾಕ್ಕೆ ಹೋಗಿಬರಲು ಸಾಕು. ಆದರೆ ಧಾರವಾಡಕ್ಕೆ ಹೊರಟರೆ ಖಂಬಾಟ್ಕಿ ಘಾಟಿನಲ್ಲಿ ಎರಡನೇ ಗೇರಿಗಿಳಿದು ಟ್ರಕ್ಕಿನ ಹೊಗೆ ಕುಡಿಯುತ್ತ ಏರಬೇಕು.

ನನ್ನ ಆಸೆ ಎಂಟು ಸಿಲಿಂಡರಿನ ರೋವರ್ ವಿ8. ಕಂಪನಿಯೇ 1973ರಿಂದ 76ರವರೆಗೆ ಎಂಜಿಬಿಯ ಮುಚ್ಚಿದ ಛಾವಣಿಯ ರೂಪವಾದ ಜಿಟಿಗೆ ಕೂಡಿಸಿದ್ದ ಎಂಜಿನ್ ಅದು: 3528 ಸಿಸಿ, 137 ಅಶ್ವಶಕ್ತಿ, ಅಲ್ಯೂಮಿನಿಯಂ ಆದ್ದರಿಂದ ತೂಕವೂ ವಿಪರೀತವಿಲ್ಲ. ಎರಡು ಗ್ಯಾರೇಜಿನವರು ಕೇಳಿದ ಕೂಡಲೇ ಹೂಂ ಅಂದರು. ಅವರಲ್ಲೊಬ್ಬರು ಬಾನೆಟ್ ಕೂಡ ತೆಗೆಯದೆ ಅಡ್ವಾನ್ಸ್ ಕೇಳಿದರು.

ಮೂರನೆಯದು ನಾನಾ ಪೇಠೆಯ ಹಿಂಬದಿ ಗಲ್ಲಿಯಲ್ಲಿದೆ. ಮಿಸ್ತ್ರಿ ನಿಪ್ಪಾಣಿ ಕಡೆಯವರು; ನನ್ನ ಮರಾಠಿ ಕೇಳಿ ತಾವೇ ಕನ್ನಡಕ್ಕೆ ಬಂದರು. “ಅಕ್ಕಾರ, ವಿ8 ಕೂಡಸೂದು ದೊಡ್ಡ ಮಾತಲ್ರಿ. ಆದ್ರ ಬ್ರೇಕ್ ಯಾವವು ಹಾಕಸ್ತೀರಿ? ಹಿಂದಿನ ಆಕ್ಸಲ್? ಮೇ ತಿಂಗಳದಾಗ ಸ್ವಾರಗೇಟ್ ಸಿಗ್ನಲ್ಲಿನ್ಯಾಗ ನಿಂತಾಗ ರೇಡಿಯೇಟರ್?” ಕಂಪನಿಯ ವಿ8 ಗಾಡಿಗೆ ದಪ್ಪ ಬ್ರೇಕ್ ಡಿಸ್ಕುಗಳಿದ್ದವು, ಎರಡು ವಿದ್ಯುತ್ ಫ್ಯಾನ್ ಇದ್ದವು, ಆಕ್ಸಲ್ ಅನುಪಾತ 3.909 ಹೋಗಿ 3.07 ಬಂದಿತ್ತು. ನಮ್ಮ ಗಾಡಿಯಲ್ಲಿ ಸ್ಟೀರಿಂಗ್ ಶಾಫ್ಟಿಗೂ ಎಕ್ಸಾಸ್ಟಿಗೂ ಎಲ್ಲಿ ಜಗಳ ಬೀಳುತ್ತದೆ ಎಂದು ಟಾರ್ಚ್ ಹಿಡಿದು ತೋರಿಸಿದರು. ಹಾಗಾದರೆ ಗುಜರಿಯಲ್ಲಿ ಸಿಗುವ ಅಂಬಾಸಡರಿನ 1.8 ಲೀಟರ್ ಇಸುಜು ಎಂಜಿನ್, ಐದು ಗೇರಿನದು? ಎಂದು ಕೇಳಿದೆ. ಅದಕ್ಕೆ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಹೊಸದಾಗಿ ಮಾಡಿಸಬೇಕು, ಗೇರ್‌ಬಾಕ್ಸಿನ ಮೇಲಿನ ಟನಲ್ಲಿನ ತಗಡಿಗೂ ಕೈ ಹಚ್ಚಬೇಕು ಎಂದರು. “ಕತ್ತರಿಸಿದ ತಗಡ ಹೊಳ್ಳಿ ಮೊದಲಿನಂಗ ಆಗೂದಿಲ್ರಿ. ಅದಿರ್ಲಿ, ಮೂಲ ಎಂಜಿನ್ ಏನಾತು?”

ಅದು ಹಿತ್ತಲ ಶೆಡ್ಡಿನಲ್ಲಿ ಗೋಣಿತಟ್ಟು ಸುತ್ತಿಕೊಂಡು ಬಿದ್ದಿತ್ತು. ಟೆಂಪೋದಲ್ಲಿ ಹೇರಿ ತಂದೆ. 1798 ಸಿಸಿ, 95 ಅಶ್ವಶಕ್ತಿಯದು. ಕ್ರ್ಯಾಂಕ್‌ಶಾಫ್ಟಿಗೆ ಐದು ಮೇನ್ ಬೇರಿಂಗಿನ ಆಸರೆ (1964ರ ಕೊನೆಯವರೆಗಿನ ಎಂಜಿಬಿಗಳಿಗೆ ಮೂರೇ). ಇದರದೂ ಅಂಬಾಸಡರ್ ಎಂಜಿನ್ನಿನದೂ ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಒಂದೇ, 88.9 ಮಿಮೀ. ವ್ಯತ್ಯಾಸವೆಲ್ಲ ಬೋರಿನಲ್ಲಿ, ಅಂದರೆ ಸಿಲಿಂಡರಿನ ಅಗಲದಲ್ಲಿ: 73 ಎಲ್ಲಿ, 80.26 ಎಲ್ಲಿ! ಅಂಬಾಸಡರ್ ಬ್ಲಾಕನ್ನೇ ಕೊರೆದು 1800 ಮಾಡಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ, ಸಿಲಿಂಡರಿನ ಗೋಡೆಯೇ ಉಳಿಯುವುದಿಲ್ಲ.

ಬೋರಿಂಗ್ ಭೋಸರಿಯಲ್ಲಾಯಿತು. ಪಿಸ್ಟನ್, ಹೆಡ್ ಇಂಗ್ಲೆಂಡಿನಿಂದ ಬಂದವು. ನಮ್ಮಲ್ಲಿ 2000ದಲ್ಲೇ ಸೀಸದ ಪೆಟ್ರೋಲ್ ನಿಂತಿದ್ದರಿಂದ, ಸೀಸವಿಲ್ಲದ್ದು ಹಳೇ ಸೀಟನ್ನು ಸವೆಸುತ್ತದೆಂದು, ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂಡಿಸಿದ ಹೆಡ್ಡೇ ಬೇಕೆಂದು ಹಟ ಹಿಡಿದವರು ಮಿಸ್ತ್ರಿ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆಂದು ಪೆಟ್ರೋಲ್ ಪೈಪುಗಳನ್ನೂ ಬದಲಿಸಿದರು. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರುಗಳನ್ನು ಹೊಂದಿಸಿದ್ದನ್ನು ನಾನು ಮರೆಯಲಾರೆ: ರಬ್ಬರ್ ನಳಿಗೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ; ಎರಡರ ಉಸಿರೂ ಒಂದೇ ಸಮ ಕೇಳುವವರೆಗೆ ಅರ್ಧ ಗಂಟೆ ಸ್ಕ್ರೂ ತಿರುಗಿಸುತ್ತ ಕೂತರು.

ಕಾಗದದ ಲಾಭವೂ ಆಯಿತು. ಆರ್‌ಸಿಯಲ್ಲಿ ಇಂದಿಗೂ ಹಳೇ ಎಂಜಿನ್ ನಂಬರೇ ಇದೆ. ಮಾವನವರು ಬದಲಾವಣೆಯನ್ನು ಆರ್‌ಟಿಓದಲ್ಲಿ ಬರೆಸಿರಲಿಲ್ಲ, ಅದು ತಪ್ಪೇ. ಈಗ ನಂಬರು ತಾಳೆಯಾಗುತ್ತದೆ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ನಂಬರಿನಲ್ಲಿ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗಬೇಕಾದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ವಿ8 ಕೂಡಿಸಿದ್ದರೆ ಅದರ ಆಸೆಯನ್ನೇ ಬಿಡಬೇಕಿತ್ತು.

ಕೊರತೆ ಹೇಳದಿದ್ದರೆ ತಪ್ಪಾಗುತ್ತದೆ. ಎರಡೂವರೆ ತಿಂಗಳು ಅಂದದ್ದು ಐದು ತಿಂಗಳಾಯಿತು, ನಡುವೆ ಫೋನ್ ಎತ್ತುತ್ತಿರಲಿಲ್ಲ. ಲೆಕ್ಕವೆಲ್ಲ ಚೀಟಿಗಳಲ್ಲಿ, ಸಾಮಾನಿನ ರಸೀದಿ ನಾನೇ ಕೇಳಿ ಪಡೆದೆ. ಮೊದಲ ಓಟದಲ್ಲಿ ಸಾತಾರಾ ಹತ್ತಿರ ವಾಟರ್ ಪಂಪಿನ ಗ್ಯಾಸ್ಕೆಟ್ ಸೋರಿತು. ಮಿಸ್ತ್ರಿ ಮರುದಿನ ಬಸ್ಸಿನಲ್ಲಿ ಬಂದು ಸರಿಮಾಡಿದರು, ಬಸ್ ಚಾರ್ಜನ್ನೂ ಮುಟ್ಟಲಿಲ್ಲ. ಮಜೂರಿ 1.10 ಲಕ್ಷ, ಸಾಮಾನು ಕಸ್ಟಮ್ಸ್ ಸೇರಿ 2.60 ಲಕ್ಷ.

ಖಂಬಾಟ್ಕಿಯನ್ನು ಈಗ ಮೂರನೇ ಗೇರಿನಲ್ಲಿ ಏರುತ್ತೇನೆ. ಇವರಲ್ಲಿಗೆ ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ. ಮನೆಯಲ್ಲಿ ಹಳೇ ಬ್ಲಾಕ್ ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೂ ಸರಿಯೇ, ಗುಜರಿಗೆ ಹಾಕುವ ಮುನ್ನ ಒಮ್ಮೆ ಅವರಿಗೆ ತೋರಿಸಿ.